ಮಹಾಮಾರಿಯ ಕಾಲದಲ್ಲಿ ಕನ್ನಡ ನಾಡಿನ ಕಿರಿಯ ಪಾಠಶಾಲೆಗಳು

ಅಕ್ಷರವು ಕೈಯಿಂದ ಕೈಗೆ ಬರತಕ್ಕ ವಸ್ತುವೆಂಬುದು ಈ ನಾಡಿನ ಹಿರಿಯರಿಗೆ ಚೆನ್ನಾಗಿ ತಿಳಿದಿದ್ದ ಸಂಗತಿ. ಇಂಗ್ಲಿಷರ ಪದ್ಧತಿಯ ಶಾಲೆಗಳು ಏರ್ಪಡುವುದಕ್ಕೆ ಮುಂಚೆ ಹಳ್ಳಿಗಳಲ್ಲಿದ್ದ ಕೂಲಿಮಠಗಳಲ್ಲಿಯೂ ಐಗಳ ಮಠಗಳಲ್ಲಿಯೂ ಮಗುವನ್ನು ಕುಳ್ಳಿರಿಸಿ, ಎದುರಿಗೆ ಮರಳನ್ನು ತೆಳ್ಳಗೆ ಹರವಿ, ಅಯ್ಯನವರು ಅದರ ತೋರುಬೆರಳನ್ನು ತಮ್ಮ ಕೈಯೊಳಗೆ ಹಿಡಿದು ಅಕ್ಷರವನ್ನು ತಿದ್ದಿಸುತ್ತಿದ್ದರು. ತಪ್ಪಿದರೆ ಮರಳನ್ನು ಅಂಗೈಯಿಂದ ಒರಸಿ ಪುನಃ ಬರೆಯಿಸುವರು. ಬೆರಳು ತಾನಾಗಿ ತಿರುಗುವವರೆಗೂ ಆ ಕೈಯನ್ನು ಬಿಡುತ್ತಿರಲಿಲ್ಲ. ಮೇಲಿನ ತರಗತಿಯ ವಿದ್ಯಾರ್ಥಿಗೆ ಗ್ರಂಥವೇ ಗುರುವಾಗಬಹುದು. ಅಕ್ಷರವನ್ನೇ ಅರಿಯದ ಎಳೆಯ ಮಗುವಿಗೆ ಆ ಸೌಕರ್ಯವಿಲ್ಲ. ಅದಕ್ಕೆ ಉಪಾಧ್ಯಾಯರ ಮುಖ, ಕೈ, ಧ್ವನಿ ಮೂರೂ ಹತ್ತಿರದಲ್ಲಿಯೇ ಇರಬೇಕು. 2020ರಿಂದ 2022ರ ವರೆಗಿನ ಕೋವಿಡ್ ಮಹಾಮಾರಿಯ ಕಾಲದಲ್ಲಿ ಕರ್ನಾಟಕದ ಪ್ರಾಥಮಿಕ ಶಾಲೆಗಳು ಮುಚ್ಚಿ ಮರಳಿ ತೆರೆದ ವೃತ್ತಾಂತವನ್ನು ಪರಿಶೀಲಿಸುವವರು ಈ ಮಾತನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳುವುದು ಅವಶ್ಯ. ಏಕೆಂದರೆ ಗುರುಸನ್ನಿಧಿಯ ಅಗತ್ಯವು ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿತ್ತೋ ಆ ಕಿರಿಯ ಮಕ್ಕಳೇ ಎಲ್ಲರಿಗಿಂತ ಮೊದಲು ಶಾಲೆಯಿಂದ ಹೊರಗಾದರು, ಎಲ್ಲರಿಗಿಂತ ಕಡೆಯಲ್ಲಿ ಒಳಕ್ಕೆ ಬಂದರು.

ಪಿಡುಗು ಈ ನಾಡಿಗೆ ಹೊಸದಲ್ಲ. 1898ರಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ಹೊಕ್ಕಿತು. ಜನರು ಇಲಿ ಬಿದ್ದ ಮನೆಗಳನ್ನು ತೊರೆದು ಊರ ಹೊರಗಿನ ಬಯಲುಗಳಲ್ಲಿ ಗುಡಿಸಲು ಹಾಕಿಕೊಂಡರು. ಬಸವನಗುಡಿ, ಮಲ್ಲೇಶ್ವರಗಳೆಂಬ ವಿಶಾಲವಾದ ಬಡಾವಣೆಗಳು ಆ ಭೀತಿಯ ದಿನಗಳಲ್ಲಿಯೇ ಮೈದಾಳಿದವು. 1918ರಲ್ಲಿ ಬಂದ ಇನ್‌ಫ್ಲುಯೆಂಜಾ ಜ್ವರವು ಹಿಂದುಸ್ಥಾನದಲ್ಲಿ ಒಂದು ಕೋಟಿಗೂ ಮೀರಿದ ಜನರನ್ನು ಕೊಂಡೊಯ್ದಿತು. ಆದರೆ ಆ ಕಾಲದಲ್ಲಿ ಶಾಲೆಗೆ ಹೋಗುವ ಮಕ್ಕಳೇ ಸ್ವಲ್ಪ. ಹೆಣ್ಣುಮಕ್ಕಳಂತೂ ಇನ್ನೂ ಸ್ವಲ್ಪ. ಶಾಲೆ ಮುಚ್ಚಿದರೂ ತೆರೆದರೂ ಬಹುಪಾಲು ಮನೆಗಳಿಗೆ ಅದರ ಸುದ್ದಿಯೇ ತಟ್ಟುತ್ತಿರಲಿಲ್ಲ. ಮೈಸೂರು ಸಂಸ್ಥಾನವು 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯನ್ನು ಮಾಡಿ ಕಡ್ಡಾಯ ಶಿಕ್ಷಣಕ್ಕೆ ಮೊದಲ ಹೆಜ್ಜೆಯನ್ನಿಟ್ಟಿತು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದೊಳಗಿನ ಪ್ರತಿಯೊಂದು ಮಗುವಿಗೂ ಶಾಲೆಯನ್ನು ಹಕ್ಕಾಗಿ ಕೊಟ್ಟಿತು. ಹೀಗೆ ಸುಮಾರು ನೂರು ವರ್ಷಗಳ ಪ್ರಯತ್ನದಿಂದ ಶಾಲೆಯೆಂಬುದು ಕೂಲಿಕಾರನ ಗುಡಿಸಲಿನವರೆಗೂ ತಲುಪಿದ್ದ ಕಾಲದಲ್ಲಿ ಅದರ ಬಾಗಿಲು ಮುಚ್ಚಿತೆಂಬುದರಿಂದಲೇ ಈ ಬಾರಿಯ ಪೆಟ್ಟು ಹಿಂದಿನ ಯಾವ ಪಿಡುಗಿನದಕ್ಕಿಂತಲೂ ವ್ಯಾಪಕವಾಯಿತು.

2020ರ ಮಾರ್ಚ್ ಎರಡನೆಯ ವಾರದಲ್ಲಿ ಬೆಂಗಳೂರಿನಲ್ಲಿ ಸೋಂಕಿನ ಸುಳಿವು ಕಂಡೊಡನೆ ಸರಕಾರವು ಮೊದಲು ಶಿಶುವಿಹಾರಗಳನ್ನೂ, ಅದರ ಬೆನ್ನಿಗೆ 5ನೆಯ ತರಗತಿಯವರೆಗಿನ ಪಾಠಗಳನ್ನೂ ನಿಲ್ಲಿಸಿತು. ಅದೇ ವಾರ ಕಲಬುರಗಿಯಲ್ಲಿ ವೃದ್ಧರೊಬ್ಬರು ತೀರಿಕೊಂಡರು. ಭಾರತದಲ್ಲಿ ಈ ರೋಗದಿಂದ ಸಂಭವಿಸಿದ ಮೊದಲನೆಯ ಮರಣವೆಂದು ಅದು ನಿರ್ಧಾರವಾಯಿತು. ಮಾರ್ಚ್ 14ರಿಂದ ನಾಡಿನ ಎಲ್ಲೆಡೆಯೂ ಶಾಲೆಗಳು ನಿಂತವು. ಮೊದಲಿಗೆ ಒಂದು ವಾರದ ಮಾತೆಂದು ಹೇಳಲಾಗಿತ್ತು. ಮಾರ್ಚ್ 25ರಿಂದ ದೇಶವೇ ಬಾಗಿಲಿಕ್ಕಿಕೊಂಡಿತು. ಕಿರಿಯ ತರಗತಿಗಳ ಮಕ್ಕಳನ್ನು ಪರೀಕ್ಷೆಯಿಲ್ಲದೆ ಮುಂದಿನ ತರಗತಿಗೆ ಏರಿಸಲಾಯಿತು. ಹಾಜರಿಪುಸ್ತಕದಲ್ಲಿ ಏರಿದ ಮಗುವು ಅರಿವಿನಲ್ಲಿಯೂ ಏರಿತೇ ಎಂಬ ಪ್ರಶ್ನೆಯು ಆಗ ಯಾರಿಗೂ ಹೊಳೆಯಲಿಲ್ಲ. ಹೊಳೆಯುವ ಹೊತ್ತೂ ಅದಾಗಿರಲಿಲ್ಲ.

ಅದೇ ದಿನಗಳಲ್ಲಿ ಜಗತ್ತಿನ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆಗಳು ಮುಚ್ಚಿ, 150 ಕೋಟಿಗೂ ಮಿಕ್ಕ ವಿದ್ಯಾರ್ಥಿಗಳು ಮನೆಯಲ್ಲಿ ಕುಳಿತರು. ಇಷ್ಟರವರೆಗೆ ಎಲ್ಲ ದೇಶಗಳ ಕಥೆಯೂ ಒಂದೇ. ಬೇರೆಯಾದದ್ದು ತೆರೆಯುವ ಕ್ರಮದಲ್ಲಿ. ಡೆನ್ಮಾರ್ಕ್ ದೇಶವು 2020ರ ಏಪ್ರಿಲ್ 15ರಂದೇ, ಎಂದರೆ ಮುಚ್ಚಿದ ಸುಮಾರು ಒಂದು ತಿಂಗಳಿಗೇ, ಶಿಶುವಿಹಾರಗಳನ್ನೂ 5ನೆಯ ತರಗತಿಯವರೆಗಿನ ಶಾಲೆಗಳನ್ನೂ ತೆರೆಯಿತು; ದೊಡ್ಡ ಮಕ್ಕಳು ಕಾಯಬೇಕಾಯಿತು. ಮೇಜುಗಳನ್ನು ಎರಡೆರಡು ಮೀಟರು ದೂರವಿಟ್ಟು, ಮಕ್ಕಳನ್ನು ಚಿಕ್ಕ ಚಿಕ್ಕ ತಂಡಗಳಾಗಿ ವಿಂಗಡಿಸಿ, ಎರಡು ಗಂಟೆಗೊಮ್ಮೆ ಕೈ ತೊಳೆಯಿಸಿ, ಸಾಧ್ಯವಾದಷ್ಟು ಪಾಠವನ್ನು ಬಯಲಿನಲ್ಲಿಯೇ ನಡೆಯಿಸಿದರು. ನಾರ್ವೆಯೂ ಅದೇ ತಿಂಗಳ ಕೊನೆಯಲ್ಲಿ ಮೊದಲ 4 ತರಗತಿಗಳನ್ನೇ ಮುಂದಾಗಿ ಕರೆಯಿತು. ಸ್ವೀಡನ್ ದೇಶವು ಕಿರಿಯರ ಶಾಲೆಗಳನ್ನು ಮುಚ್ಚಲೇ ಇಲ್ಲ. ದೂರದ ಉರುಗ್ವೆ ದೇಶವು ಏಪ್ರಿಲ್ 22ರಂದು ಹಳ್ಳಿಗಾಡಿನ ಶಾಲೆಗಳಿಂದ ಪ್ರಾರಂಭಿಸಿತು. ಇವು ಸಣ್ಣ ದೇಶಗಳು, ಜನಸಂಖ್ಯೆ ವಿರಳ, ಶಾಲೆಗಳು ವಿಶಾಲ ಎಂದು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಸತ್ಯವೂ ಉಂಟು. ಆದರೆ 1918ರಲ್ಲಿ ಅಮೇರಿಕೆಯ ಬಹುತೇಕ ಪಟ್ಟಣಗಳು ಶಾಲೆಗಳನ್ನು ಮುಚ್ಚಿದಾಗ ಜನನಿಬಿಡವಾದ ನ್ಯೂಯಾರ್ಕ್ ಮತ್ತು ಶಿಕಾಗೊ ನಗರಗಳೇ ಮುಚ್ಚದೆ ಉಳಿದವೆಂಬುದನ್ನು ಮರೆಯಲಾಗದು. ಇಕ್ಕಟ್ಟಾದ ಬಿಡಾರಗಳಲ್ಲಿರುವುದಕ್ಕಿಂತ ವೈದ್ಯರ ಮತ್ತು ದಾದಿಯರ ಕಣ್ಣಿನ ಕೆಳಗೆ ಶಾಲೆಯಲ್ಲಿರುವುದೇ ಬಡವರ ಮಕ್ಕಳಿಗೆ ಲೇಸೆಂದು ಅಲ್ಲಿನ ಆರೋಗ್ಯಾಧಿಕಾರಿಗಳು ಎಣಿಸಿದ್ದರು.

ಕರ್ನಾಟಕದಲ್ಲಿ ಸರಕಾರದ ಗಮನವು ಮೊದಲು ಹರಿದುದು ಪರೀಕ್ಷೆಯ ಕಡೆಗೆ. ನೆರೆಯ ತೆಲಂಗಾಣ, ತಮಿಳುನಾಡುಗಳು 10ನೆಯ ತರಗತಿಯ ಪರೀಕ್ಷೆಯನ್ನು ಕೈಬಿಟ್ಟರೂ ಇಲ್ಲಿ 2020ರ ಜೂನ್ 25ರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ನಡೆಯಿಸಿಯೇ ತೀರಿದರು. 8 ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳಿಗಾಗಿ ಮುಖಗವಸು, ಜ್ವರಮಾಪಕ, ಪ್ರತ್ಯೇಕ ಆಸನಗಳ ಏರ್ಪಾಡಾಯಿತು. ಆಗಿನ ವಿದ್ಯಾಮಂತ್ರಿ ಸುರೇಶ್ ಕುಮಾರರು ಈ ಕಾರ್ಯದಲ್ಲಿ ತೋರಿದ ದೃಢತೆಯನ್ನು ಅನೇಕರು ಪ್ರಶಂಸಿಸಿದರು. ಪ್ರಶಂಸೆಗೆ ಅದು ಯೋಗ್ಯವೇ. ಮನಸ್ಸು ಮಾಡಿದರೆ ಮಹಾಮಾರಿಯ ನಡುವೆಯೂ ಮಕ್ಕಳನ್ನು ಶಾಲೆಯ ಕೊಠಡಿಗಳೊಳಗೆ ಸುರಕ್ಷಿತವಾಗಿ ಕುಳ್ಳಿರಿಸಬಹುದೆಂಬುದು ಅದರಿಂದ ಸ್ಪಷ್ಟವಾಯಿತು. ಆದರೆ ಪರೀಕ್ಷೆಯಿಲ್ಲದ ತರಗತಿಗಳ ಮಕ್ಕಳಿಗಾಗಿ ಅಂತಹ ಮನಸ್ಸು ಮಾಡುವವರು ಬಹುಕಾಲ ದೊರೆಯಲಿಲ್ಲವೆಂದು ಹೇಳದೆ ವಿಧಿಯಿಲ್ಲ.

ಇಷ್ಟರಲ್ಲಿಯೇ ಪಟ್ಟಣದ ಖಾಸಗಿ ಶಾಲೆಗಳು ಮೊಬೈಲ್ ಫೋನು ಮತ್ತು ಗಣಕಯಂತ್ರಗಳ ಮೂಲಕ ಆನ್‌ಲೈನ್ ಪಾಠವನ್ನು ಆರಂಭಿಸಿದ್ದವು. ನಾಲ್ಕೈದು ವರ್ಷದ ಕೂಸುಗಳನ್ನೂ ಗಂಟೆಗಟ್ಟಲೆ ಬೆಳಕಿನ ಪರದೆಯ ಮುಂದೆ ಕುಳ್ಳಿರಿಸುವುದು ಸರಿಯೇ ಎಂಬ ಚರ್ಚೆ ಎದ್ದಿತು. ನಿಮ್ಹಾನ್ಸ್ ಸಂಸ್ಥೆಯ ತಜ್ಞರ ಅಭಿಪ್ರಾಯವನ್ನು ಆಧಾರವಾಗಿಟ್ಟುಕೊಂಡು ಸರಕಾರವು ಜೂನ್ ತಿಂಗಳಲ್ಲಿ ಕಿರಿಯ ತರಗತಿಗಳಿಗೆ ಇಂತಹ ಪಾಠವನ್ನು ನಿಷೇಧಿಸಿ, ಪ್ರೊಫೆಸರ್ ಎಂ.ಕೆ. ಶ್ರೀಧರ್ ಅವರ ಅಧ್ಯಕ್ಷತೆಯಲ್ಲಿ ಒಂದು ತಜ್ಞರ ಸಮಿತಿಯನ್ನು ನೇಮಿಸಿತು. ಕೆಲವು ಪಾಲಕರು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಜುಲೈ 8ರಂದು ನ್ಯಾಯಾಲಯವು ನಿಷೇಧಕ್ಕೆ ತಡೆಯಾಜ್ಞೆಯನ್ನು ಕೊಟ್ಟಿತು. ಕೂಸಿನ ಕಣ್ಣಿಗೆ ಪರದೆಯು ಕೇಡೆಂದು ಸರಕಾರವು ವಾದಿಸಿದುದರಲ್ಲಿ ಹುರುಳಿತ್ತು. ಶಾಲೆಯನ್ನೂ ತೆರೆಯದೆ ಈ ದಾರಿಯನ್ನೂ ಮುಚ್ಚಿದರೆ ವಿದ್ಯೆಯ ಹಕ್ಕು ಎಲ್ಲಿ ಉಳಿಯಿತೆಂದು ಪಾಲಕರು ಕೇಳಿದುದರಲ್ಲಿಯೂ ಹುರುಳಿತ್ತು. ವ್ಯಾಜ್ಯದ ಎರಡು ಪಕ್ಷಗಳಲ್ಲಿಯೂ ಸೇರದ ಮಕ್ಕಳೇ ಲಕ್ಷೋಪಲಕ್ಷವಿದ್ದರು. ಮನೆಯಲ್ಲಿ ಇದ್ದರೆ ಒಂದು ಫೋನು. ಅದು ಮುಂಜಾನೆ ತಂದೆಯ ಜೇಬಿನಲ್ಲಿ ಹೊಲಕ್ಕೋ ಕೆಲಸಕ್ಕೋ ಹೋಗುವುದು. ಸಂಜೆ ಬಂದಾಗ ಅಣ್ಣನಿಗೋ ಅಕ್ಕನಿಗೋ ಮೊದಲ ಪಾಳಿ. ಒಂದನೆಯ ತರಗತಿಯ ತಂಗಿಯ ಪಾಳಿ ಬರುವಾಗ ಫೋನಿಗೂ ನಿದ್ರೆ, ತಂಗಿಗೂ ನಿದ್ರೆ.

ಇಂತಹ ಸಂಕಟದಿಂದಲೇ ಹುಟ್ಟಿದುದು 'ವಿದ್ಯಾಗಮ'ವೆಂಬ ಯೋಜನೆ. ಜನರ ಬಾಯಲ್ಲಿ ಅದು 'ವಠಾರ ಶಾಲೆ'ಯೆನಿಸಿತು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಮಕ್ಕಳಿದ್ದಲ್ಲಿಗೆ ಹೋಗಲೆಂಬುದು ಅದರ ಆಶಯ. 2020ರ ಆಗಸ್ಟ್ ತಿಂಗಳಿನಿಂದ ಸರಕಾರಿ ಶಾಲೆಯ ಉಪಾಧ್ಯಾಯರು ಓಣಿ ಓಣಿಗೆ ನಡೆದುಹೋಗಿ, ಇಪ್ಪತ್ತು ಇಪ್ಪತ್ತೈದು ಮಕ್ಕಳ ಗುಂಪುಗಳನ್ನು ಕಟ್ಟಿ, ಅರಳಿಕಟ್ಟೆ, ಗುಡಿಯ ಪೌಳಿ, ಸಮುದಾಯ ಭವನ, ಮನೆಯ ಪಡಸಾಲೆ, ಎಲ್ಲಿ ನೆರಳು ದೊರೆಯಿತೋ ಅಲ್ಲಿಯೇ ಪಾಠಕ್ಕೆ ಕುಳಿತರು. ಫೋನೇ ಇಲ್ಲದ ಮಕ್ಕಳು, ಬರಿಯ ಮಾತಿನ ಫೋನುಳ್ಳವರು, ಅಂತರ್ಜಾಲದ ಫೋನುಳ್ಳವರು ಎಂದು ಮೂರು ಬಗೆಯಾಗಿ ವಿಂಗಡಿಸಿ, ಏನೂ ಇಲ್ಲದವರ ಬಳಿಗೆ ಖುದ್ದಾಗಿ ಹೋಗಬೇಕೆಂದು ಗೊತ್ತುಮಾಡಿದ್ದರು. ಮಳೆಗಾಲ, ಮೋಡ ಕವಿದೊಡನೆ ಪಾಟಿ ಪುಸ್ತಕಗಳನ್ನು ಸೆರಗಿನಲ್ಲಿಯೋ ಅಂಗಿಯೊಳಗೋ ಬಚ್ಚಿಟ್ಟುಕೊಂಡು ಮಕ್ಕಳು ಹತ್ತಿರದ ಜಗುಲಿಗೆ ಓಡಬೇಕಾಗುತ್ತಿತ್ತು. ಇದೇ ಉಪಾಧ್ಯಾಯರಿಗೆ ಮನೆಮನೆಯ ಸಮೀಕ್ಷೆ, ಸೋಂಕಿತರ ಪತ್ತೆ ಮುಂತಾದ ಕೆಲಸಗಳನ್ನೂ ವಹಿಸಲಾಗಿತ್ತು. ಮುಂಜಾನೆ ರೋಗಿಯ ಮನೆಯ ಬಾಗಿಲು, ಮಧ್ಯಾಹ್ನ ಮಕ್ಕಳ ಗುಂಪು. ಈ ವಿರೋಧವನ್ನು ಆಗ ಮೇಲಿನವರು ಗಮನಿಸಿದಂತೆ ತೋರುವುದಿಲ್ಲ.

ಬಯಲಿನಲ್ಲಿ ಪಾಠ ಹೇಳುವುದು ರೋಗಕಾಲದಲ್ಲಿ ವಿಜ್ಞಾನಕ್ಕೂ ಒಪ್ಪುವ ಮಾರ್ಗವೇ ಆಗಿತ್ತು. 1904ರಲ್ಲಿ ಜರ್ಮನಿಯ ಬರ್ಲಿನ್ ಬಳಿಯ ಶಾರ್ಲೊಟೆನ್‌ಬುರ್ಗ್ ಎಂಬಲ್ಲಿ ಅಶಕ್ತರೂ ಕ್ಷಯಕ್ಕೆ ತುತ್ತಾಗಬಹುದಾದವರೂ ಆದ ಮಕ್ಕಳಿಗಾಗಿ ಅರಣ್ಯಶಾಲೆಯೊಂದನ್ನು ತೆರೆದಿದ್ದರು. ಅದನ್ನು ನೋಡಿ ಯೂರೋಪು ಅಮೇರಿಕೆಗಳ ಅನೇಕ ಪಟ್ಟಣಗಳು ಬಯಲು ಶಾಲೆಗಳನ್ನು ಸ್ಥಾಪಿಸಿದವು. ಗಾಳಿಯಾಡುವ ತಾಣದಲ್ಲಿ ಉಸಿರಿನ ರೋಗವು ಸುಲಭವಾಗಿ ಹರಡುವುದಿಲ್ಲವೆಂಬ ಅನುಭವವು ಅಂದಿನಿಂದಲೂ ಇದ್ದಿತು. ಕನ್ನಡ ನಾಡಿನ ಅರಳಿಕಟ್ಟೆಯು ಯಾವ ಅರಣ್ಯಶಾಲೆಗೂ ಕಡಮೆಯಾಗಿರಲಿಲ್ಲ. ಆದರೆ ಅಕ್ಟೋಬರ್ ಮೊದಲ ವಾರದಲ್ಲಿ ಕೆಲವೆಡೆ ಉಪಾಧ್ಯಾಯರಿಗೂ ಮಕ್ಕಳಿಗೂ ಸೋಂಕು ತಗುಲಿತೆಂಬ ಸುದ್ದಿಯು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಿತು. ಉಪಾಧ್ಯಾಯರ ಮನೆಗಳಲ್ಲಿ ಸಾವುಗಳಾಗಿದ್ದವು. ಅವರ ಭಯವನ್ನು ಲಘುವಾಗಿ ಕಾಣಲಾಗದು. ವಿರೋಧ ಪಕ್ಷದವರೂ ದನಿಗೂಡಿಸಿದರು. ಅಕ್ಟೋಬರ್ 10ರಂದು ವಿದ್ಯಾಗಮವನ್ನು ತಡೆಹಿಡಿಯಲಾಯಿತು. 12ರಿಂದ 30ರ ವರೆಗೆ ದಸರಾ ರಜೆಯೆಂದು ಸಾರಿದರು. ದೋಷವಿದ್ದ ಕಡೆ ತಿದ್ದಿ, ಸಮೀಕ್ಷೆಯ ಹೊರೆಯಿಂದ ಉಪಾಧ್ಯಾಯರನ್ನು ಬಿಡಿಸಿ, ವಠಾರ ಶಾಲೆಯನ್ನು ಮುಂದುವರಿಸಿದ್ದರೆ ಏನಾಗುತ್ತಿತ್ತೆಂಬುದು ಚರಿತ್ರೆಯಲ್ಲಿ ಉತ್ತರವಿಲ್ಲದ ಪ್ರಶ್ನೆ. ಒಂದನೆಯ ತರಗತಿಯ ಮಗುವಿಗೆ ಮುಂದಿನ ಒಂದು ವರ್ಷದ ಮಟ್ಟಿಗೆ ಆ ಅರಳಿಕಟ್ಟೆಯೇ ಕಡೆಯ ಶಾಲೆಯಾಯಿತು.

2021ರ ಜನವರಿ 1ರಂದು 10 ಮತ್ತು 12ನೆಯ ತರಗತಿಗಳು ಆರಂಭವಾದವು. 6ರಿಂದ 9ರ ವರೆಗಿನವರಿಗೆ ಶಾಲೆಯ ಆವರಣದಲ್ಲಿಯೇ ವಿದ್ಯಾಗಮವು ಮರಳಿ ಬಂದಿತು. ಫೆಬ್ರುವರಿಯಲ್ಲಿ 9 ಮತ್ತು 11, ಆ ತಿಂಗಳ 22ರಿಂದ 6ರಿಂದ 8. ಅಲ್ಲಿಗೆ ನಿಂತಿತು. 5ನೆಯ ತರಗತಿಯ ಕೆಳಗಿನವರ ಸರದಿ ಬರುವುದರೊಳಗೆ ಎರಡನೆಯ ಅಲೆಯೆದ್ದಿತು. 2021ರ ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಮಂದಿಗೆ ಸೋಂಕು ಕಂಡುಬಂದಿತು. ಆ ಏಪ್ರಿಲ್ ಮೇ ತಿಂಗಳುಗಳ ದುಃಖವನ್ನು ಇಲ್ಲಿ ವಿಸ್ತರಿಸುವುದು ಬೇಕಿಲ್ಲ; ಅದನ್ನು ಕಾಣದ ಮನೆಯಿಲ್ಲ.

ಈ ನಡುವೆ ಮಕ್ಕಳ ವಿದ್ಯೆಗೆ ಏನಾಯಿತೆಂಬುದನ್ನು ಅಳೆದು ನೋಡಿದವರೂ ಇದ್ದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿದಂತೆ 5 ರಾಜ್ಯಗಳ 44 ಜಿಲ್ಲೆಗಳ 1,137 ಸರಕಾರಿ ಶಾಲೆಗಳಲ್ಲಿ 2ರಿಂದ 6ನೆಯ ತರಗತಿಯವರೆಗಿನ 16,067 ಮಕ್ಕಳನ್ನು ಪರೀಕ್ಷಿಸಿ 2021ರ ಫೆಬ್ರುವರಿಯಲ್ಲಿ ವರದಿಯನ್ನು ಪ್ರಕಟಿಸಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷಾಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ನೂರಕ್ಕೆ 92 ಮಕ್ಕಳು ಕಳೆದುಕೊಂಡಿದ್ದರು; ಗಣಿತದಲ್ಲಿ ನೂರಕ್ಕೆ 82. ಹೊಸ ಪಾಠ ತಪ್ಪಿದ ನಷ್ಟವು ಈ ಲೆಕ್ಕದಲ್ಲಿ ಸೇರಿಯೇ ಇಲ್ಲವೆಂಬುದನ್ನು ಗಮನಿಸಬೇಕು. ಅರೆಬರೆಯಾಗಿ ಕಲಿತ ಅಕ್ಷರವು ಬೇಸಿಗೆಯ ಬಾವಿಯಂತೆ ಇಳಿಯುತ್ತ ಹೋಗುವುದು. ಅದೇ ವರ್ಷದ ಆಗಸ್ಟಿನಲ್ಲಿ ಅರ್ಥಶಾಸ್ತ್ರಜ್ಞ ಜಾನ್ ದ್ರೆಜ್ ಮುಂತಾದವರು 15 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಬಡಕುಟುಂಬಗಳ ಸುಮಾರು 1,400 ಮಕ್ಕಳನ್ನು ವಿಚಾರಿಸಿದರು. ಹಳ್ಳಿಯ ಮಕ್ಕಳಲ್ಲಿ ಆನ್‌ಲೈನಿನಲ್ಲಿ ನಿಯತವಾಗಿ ಓದುತ್ತಿದ್ದವರು ನೂರಕ್ಕೆ 8. ಏನನ್ನೂ ಓದದೆ ಇದ್ದವರು ನೂರಕ್ಕೆ 37.

ಓದಿನೊಡನೆ ಅನ್ನವೂ ತಪ್ಪಿತು. ಕರ್ನಾಟಕದಲ್ಲಿ ಶಾಲೆಯ ಮಧ್ಯಾಹ್ನದ ಊಟವು 2002ರಲ್ಲಿ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಮೊದಲಾದಾಗ ಅದಕ್ಕೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟರು. ಶರಣರ ಮಹಾಮನೆಯ ಮಾತೊಂದು ಸರಕಾರದ ಕಡತದಲ್ಲಿ ಸೇರಿದುದು ಸಾಮಾನ್ಯವಲ್ಲ; ದಾಸೋಹವೆಂದರೆ ಬರಿಯ ಅನ್ನದಾನವಲ್ಲ, ಜೊತೆಯಲ್ಲಿ ಕುಳಿತು ಉಣ್ಣುವ ಪಂಕ್ತಿಯೂ ಅದರಲ್ಲಿ ಸೇರಿದೆಯೆಂಬುದು ಶ್ರೀಮಠದ ಭಕ್ತರಿಗೆ ಹೇಳಬೇಕಾದ ವಿಷಯವಲ್ಲ. 2013ರ ಆಗಸ್ಟ್ 1ರಿಂದ 'ಕ್ಷೀರಭಾಗ್ಯ'ವೆಂಬ ಹೆಸರಿನಲ್ಲಿ ಹಾಲೂ ಸೇರಿತ್ತು. ಶಾಲೆ ಮುಚ್ಚಿದೊಡನೆ ಒಲೆ ಆರಿತು. ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 18ರಂದೇ ತಾನಾಗಿ ಈ ವಿಷಯವನ್ನು ಕೈಗೆತ್ತಿಕೊಂಡು, ಮಕ್ಕಳ ಊಟಕ್ಕೆ ಏನು ಮಾಡುವಿರೆಂದು ರಾಜ್ಯಗಳನ್ನು ಕೇಳಿತು. ಅಕ್ಕಿ ಬೇಳೆಗಳನ್ನು ಮನೆಗೆ ಕೊಡುವ ಏರ್ಪಾಡು ನಡೆಯಿತು. ಹಸಿದ ಮನೆಗೆ ಬಂದ ಅಕ್ಕಿಯು ಮನೆಯವರೆಲ್ಲರ ಅಕ್ಕಿಯಾಗುವುದು ಸಹಜವೇ. ಮಗುವಿನ ತಟ್ಟೆಗೆಂದು ಅಳೆದುದು ಮಗುವಿನ ತಟ್ಟೆಯವರೆಗೆ ಬರಬೇಕಾದರೆ ಶಾಲೆಯ ಪಂಕ್ತಿಯೇ ಬೇಕಾಗಿತ್ತು.

2021ರ ಜುಲೈ 20ರಂದು ದೆಹಲಿಯಲ್ಲಿ ಒಂದು ಮಹತ್ವದ ಮಾತು ಕೇಳಿಬಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮುಖ್ಯಸ್ಥ ಬಲರಾಮ ಭಾರ್ಗವರು ದೇಶವ್ಯಾಪಿ ರಕ್ತಪರೀಕ್ಷೆಯ ಫಲಿತಾಂಶವನ್ನು ತಿಳಿಸುತ್ತ, 6ರಿಂದ 9 ವರ್ಷದ ಮಕ್ಕಳಲ್ಲಿಯೂ ನೂರಕ್ಕೆ 57.2 ಮಂದಿಗೆ ಆಗಲೇ ಸೋಂಕು ಬಂದು ಹೋಗಿರುವುದೆಂದೂ, ಎಳೆಯ ಮಕ್ಕಳು ಈ ವಿಷಾಣುವನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುವರೆಂದೂ, ಆದುದರಿಂದ ಶಾಲೆ ತೆರೆಯುವಾಗ ಉಪಾಧ್ಯಾಯರಿಗೂ ಸಿಬ್ಬಂದಿಗೂ ಲಸಿಕೆ ಹಾಕಿಸಿ ಪ್ರಾಥಮಿಕ ಶಾಲೆಗಳಿಂದಲೇ ಆರಂಭಿಸುವುದು ವಿವೇಕವೆಂದೂ ಹೇಳಿದರು. ಆದರೆ ಜನರಲ್ಲಿ ಆಗ ಹಬ್ಬಿದ್ದುದು ಇದಕ್ಕೆ ವಿರುದ್ಧವಾದ ಮಾತು. ಮೊದಲ ಅಲೆ ಮುದುಕರನ್ನು, ಎರಡನೆಯದು ನಡುವಯಸ್ಸಿನವರನ್ನು ಕೊಂಡೊಯ್ದಿತು, ಮೂರನೆಯದು ಮಕ್ಕಳನ್ನು ಹುಡುಕಿಕೊಂಡು ಬರುವುದೆಂದು ಊರೂರಿನಲ್ಲಿಯೂ ನಂಬಿದ್ದರು. ಹೆತ್ತವರ ಈ ಭಯದ ಮುಂದೆ ರಕ್ತಪರೀಕ್ಷೆಯ ಅಂಕಿಗಳು ನಿಲ್ಲುವುದು ಕಷ್ಟ. ದೊಡ್ಡ ಮಕ್ಕಳಾದರೆ ಮುಖಗವಸು ಹಾಕಿಕೊಂಡು ಹೇಳಿದಂತೆ ಕೇಳುವರು, ಚಿಕ್ಕವರು ಕೇಳರು ಎಂಬುದೂ ಒಂದು ವಾದವಾಗಿತ್ತು. ಹೀಗಾಗಿ ಕರ್ನಾಟಕದಲ್ಲಿ ಮೇಲಿನಿಂದ ಕೆಳಕ್ಕೆ ಬರುವ ಕ್ರಮವೇ ಪುನಃ ನಿಂತಿತು. ಸೋಂಕಿನ ಪ್ರಮಾಣ ನೂರಕ್ಕೆ 2ಕ್ಕಿಂತ ಕಡಮೆಯಿದ್ದ ಜಿಲ್ಲೆಗಳಲ್ಲಿ ಆಗಸ್ಟ್ 23ರಂದು 9ರಿಂದ 12, ಸೆಪ್ಟೆಂಬರ್ 6ರಂದು 6ರಿಂದ 8, ಅಕ್ಟೋಬರ್ 25ರಂದು 1ರಿಂದ 5. ನೆರೆಯ ಕೇರಳವು ತಡಮಾಡಿತಾದರೂ ನವೆಂಬರ್ 1ರಂದು ತೆರೆದಾಗ 10 ಮತ್ತು 12ನೆಯ ತರಗತಿಗಳ ಜೊತೆಗೆ 1ರಿಂದ 7ನ್ನು ಕರೆದು, 8, 9, 11ನ್ನು ಹಿಂದಿಟ್ಟಿತು.

ಆ ಅಕ್ಟೋಬರ್ 25 ಸೋಮವಾರ. ಅನೇಕ ಊರುಗಳಲ್ಲಿ ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಬರುವ ಮಕ್ಕಳ ಕೈಗೆ ಹೂವು ಕೊಟ್ಟು ಬರಮಾಡಿಕೊಂಡರು. ಮಗುವಿನ ಜೊತೆಯಲ್ಲಿ ಪಾಲಕರ ಒಪ್ಪಿಗೆಯ ಚೀಟಿ ಬರಬೇಕು. ಉಪಾಧ್ಯಾಯರು ಎರಡು ಸಲ ಲಸಿಕೆ ಹಾಕಿಸಿಕೊಂಡಿರಬೇಕು. ಮೊದಲ ಕೆಲವು ದಿನ ಅರ್ಧ ದಿನದ ಪಾಠ. ಶಾಲೆಗಳು ಮುಚ್ಚಿದಂದಿನಿಂದ ಎಣಿಸಿದರೆ 590 ದಿನಗಳು ಕಳೆದಿದ್ದವು. 2020ರ ಜೂನಿನಲ್ಲಿ 1ನೆಯ ತರಗತಿಗೆ ಹೆಸರು ಹಚ್ಚಿದ ಮಗುವು ತರಗತಿಯ ಕೊಠಡಿಯನ್ನು ಮೊದಲು ಕಂಡದ್ದು 2ನೆಯ ತರಗತಿಯ ಅರ್ಧದಲ್ಲಿ. ಮುಚ್ಚುವಾಗ 1ನೆಯ ತರಗತಿಯಲ್ಲಿದ್ದು ಅಕ್ಷರಮಾಲೆಯನ್ನು ಇನ್ನೂ ಮುಗಿಸದಿದ್ದ ಮಗುವಿನ ಕೈಗೆ 3ನೆಯ ತರಗತಿಯ ಪುಸ್ತಕ ಬಂದಿತ್ತು. ಉಪಾಧ್ಯಾಯರಿಗೆ ಮಕ್ಕಳ ಗುರುತು ಸಿಕ್ಕದೆ, ಮಕ್ಕಳಿಗೆ ಮುಖಗವಸಿನ ಹಿಂದಿನ ಉಪಾಧ್ಯಾಯರ ತುಟಿಯ ಚಲನೆ ಕಾಣದೆ, ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಹೇಳಿಕೊಡುವುದೇ ಪ್ರಯಾಸವಾಯಿತು.

ಇನ್ನೊಂದು ತೊಡಕು ಹೊರಗಿನವರಿಗೆ ಸುಲಭವಾಗಿ ತಿಳಿಯುವಂತಹುದಲ್ಲ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 1ರಿಂದ 3ನೆಯ ತರಗತಿಯವರೆಗೆ 'ನಲಿ-ಕಲಿ' ಎಂಬ ಪದ್ಧತಿಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆಯ ಉಪಾಧ್ಯಾಯರ ಪ್ರಯೋಗದಿಂದ ಹುಟ್ಟಿ ನಾಡಿಗೆಲ್ಲ ಹರಡಿದ ಪದ್ಧತಿಯಿದು. ಮೂರು ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ನೆಲದ ಮೇಲೆ ದುಂಡಗೆ ಗುಂಪುಗೂಡಿ ಕುಳಿತು, ಕಾರ್ಡುಗಳನ್ನು ಕೈಯಿಂದ ಕೈಗೆ ಸಾಗಿಸುತ್ತ, ಬಲ್ಲವರು ಅರಿಯದವರಿಗೆ ಹೇಳಿಕೊಡುತ್ತ, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುವರು. ದೂರ ಕುಳಿತಿರಿ, ಮುಟ್ಟಬೇಡಿರಿ, ಒಬ್ಬರ ವಸ್ತುವನ್ನು ಒಬ್ಬರು ಹಿಡಿಯಬೇಡಿರಿ ಎಂಬ ರೋಗಕಾಲದ ನಿಯಮಗಳು ಈ ಪದ್ಧತಿಯ ಬುಡಕ್ಕೇ ಕೊಡಲಿಯಾದವು. ಮೇಲಾಗಿ ಬಲ್ಲ 3ನೆಯ ತರಗತಿಯವರೆಂಬವರೇ ಆ ವರ್ಷ ಇರಲಿಲ್ಲ. ಮೂರು ತರಗತಿಗಳೂ ಏಣಿಯ ಕೆಳಗಿನ ಮೆಟ್ಟಿಲಿನಲ್ಲಿಯೇ ನಿಂತಿದ್ದವು. ಕೆಲವು ಅನುಭವಶಾಲಿಗಳಾದ ಉಪಾಧ್ಯಾಯರು ತರಗತಿಯ ಪುಸ್ತಕವನ್ನು ಬದಿಗಿಟ್ಟು ಮೂವರಿಗೂ 'ಅ'ಕಾರದಿಂದಲೇ ಆರಂಭಿಸಿದರು. ಅದೇ ಸರಿಯಾದ ಮಾರ್ಗವಾಗಿತ್ತೆಂಬುದನ್ನು ಮೇಲಿನ ಆಜ್ಞೆಗಳೂ ಮುಂದೆ ಒಪ್ಪಿಕೊಂಡವು.

ಬಾಗಿಲು ತೆರೆದು ಎರಡೂವರೆ ತಿಂಗಳಾಗುವುದರೊಳಗೆ ಓಮಿಕ್ರಾನ್ ಎಂಬ ಹೊಸ ತಳಿಯ ಭೀತಿ ಬಂದಿತು. 2022ರ ಜನವರಿ 6ರಿಂದ ಬೆಂಗಳೂರಿನಲ್ಲಿ 9ನೆಯ ತರಗತಿಯವರೆಗಿನ ಶಾಲೆಗಳು ಪುನಃ ಮುಚ್ಚಿದವು. ಆದರೆ ಈ ಸಲ ನಾಡಿಗೆಲ್ಲ ಒಂದೇ ಬೀಗ ಬೀಳಲಿಲ್ಲ. ಬೇರೆ ಜಿಲ್ಲೆಗಳಲ್ಲಿ ಅಲ್ಲಲ್ಲಿಯ ಸ್ಥಿತಿಯನ್ನು ನೋಡಿ ನಿರ್ಧರಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗಳಿಗೆ ಬಿಟ್ಟರು. ಜನವರಿ 31ರಂದು ಬೆಂಗಳೂರಿನ ಶಾಲೆಗಳೂ ತೆರೆದವು. 12 ವರ್ಷದ ಕೆಳಗಿನವರಿಗೆ ಲಸಿಕೆಯೇ ಬಂದಿರಲಿಲ್ಲ, ಆದರೂ ತೆರೆದವು. ಎರಡು ವರ್ಷಗಳ ಕೆಳಗೆ ಅಸಾಧ್ಯವೆನಿಸಿದ್ದು ಆಗ ಸಾಧ್ಯವೆನಿಸಿತು.

2022ರ ಮೇ 16ರಂದು, ವಾಡಿಕೆಗಿಂತ ಹದಿನೈದು ದಿನ ಮೊದಲೇ, 'ಕಲಿಕಾ ಚೇತರಿಕೆ'ಯ ವರ್ಷವು ಆರಂಭವಾಯಿತು. ಮೊದಲ ದಿನಗಳು 'ಮಳೆಬಿಲ್ಲು' ಎಂಬ ಹೆಸರಿನಲ್ಲಿ ಆಟಪಾಟಗಳಿಗೆ ಮೀಸಲಾದವು. ಬಳಿಕ ಹಿಂದಿನ ಎರಡು ವರ್ಷಗಳಲ್ಲಿ ತಪ್ಪಿಹೋದ ಮುಖ್ಯ ಪಾಠಗಳನ್ನೂ ಸೇರಿಸಿ ಕಲಿಕಾ ಹಾಳೆಗಳನ್ನು ಸಿದ್ಧಪಡಿಸಿ ಹಂಚಿದರು. ಆ ವರ್ಷದ ಕೊನೆಯಲ್ಲಿ ನಡೆದ 'ಅಸರ್' ಸಮೀಕ್ಷೆಯು ದೇಶದ ಗ್ರಾಮಭಾಗದ ವಿಷಯದಲ್ಲಿ ಎರಡು ಸಂಗತಿಗಳನ್ನು ತಿಳಿಸಿತು. 6ರಿಂದ 14 ವರ್ಷದವರಲ್ಲಿ ನೂರಕ್ಕೆ 98.4 ಮಕ್ಕಳು ಶಾಲೆಯ ಪಟ್ಟಿಯಲ್ಲಿದ್ದರು. 2018ರಲ್ಲಿ ಇದ್ದುದು 97.2. ಬಿಟ್ಟವರು ಮರಳಿ ಬಾರರೆಂಬ ಭಯವು ಸುಳ್ಳಾಯಿತು. ತಂದೆತಾಯಿಗಳು ಶಾಲೆಯನ್ನು ಕೈಬಿಟ್ಟಿರಲಿಲ್ಲ. ಆದರೆ 2ನೆಯ ತರಗತಿಯ ಪಾಠವನ್ನು ಓದಬಲ್ಲ 3ನೆಯ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ 27.3 ಇದ್ದುದು 20.5ಕ್ಕೆ ಇಳಿದಿತ್ತು.

2023ರ ಮಾರ್ಚ್ 27ರಂದು ಕರ್ನಾಟಕದಲ್ಲಿ 5 ಮತ್ತು 8ನೆಯ ತರಗತಿಗಳಿಗೆ ರಾಜ್ಯಮಟ್ಟದ ಪ್ರಶ್ನಪತ್ರಿಕೆಯ ಪರೀಕ್ಷೆಯು ಆರಂಭವಾಯಿತು. ಕೆಲವೇ ದಿನಗಳ ಮುಂಚೆ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಅದನ್ನು ರದ್ದುಪಡಿಸಿ, ವಿಭಾಗೀಯ ಪೀಠವು ಅನುಮತಿಸಿ, ವ್ಯಾಜ್ಯವು ದೆಹಲಿಯವರೆಗೆ ಹೋಗಿ ಬಂದಿತ್ತು. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಸರಕಾರವು ಭರವಸೆಯನ್ನು ಕೊಟ್ಟಿತ್ತು. ಆ ದಿನ 5ನೆಯ ತರಗತಿಯ ಕೊಠಡಿಗಳಲ್ಲಿ ಬರೆಯಲು ಕುಳಿತ ಮಕ್ಕಳು 2020ರ ಮಾರ್ಚಿನಲ್ಲಿ 2ನೆಯ ತರಗತಿಯಲ್ಲಿದ್ದವರು. ಅರಳಿಕಟ್ಟೆಯ ಕೆಲವು ವಾರಗಳನ್ನು ಬಿಟ್ಟರೆ 3ನೆಯ ತರಗತಿಯ ಪಾಠವನ್ನು ಒಂದು ದಿನವೂ ಉಪಾಧ್ಯಾಯರ ಎದುರಿನಲ್ಲಿ ಕುಳಿತು ಕೇಳದೆ ದಾಟಿ ಬಂದವರು.